ಕಾರ್ನರ್ ಆಟಗಾರನನ್ನು ಅಳೆಯುವುದು: ಕಾಲೇಜು ಅಂಗಳದಿಂದ ಕಬಡ್ಡಿ ಹರಾಜಿನವರೆಗೆ ಮುಖ್ಯಾಂಶಗಳು

ಬಿ.ಪಿ.ಇಡಿ. ವಿದ್ಯಾರ್ಥಿಗಳಿಗೆ, ದೈಹಿಕ ಶಿಕ್ಷಣ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುವವರಿಗೆ, ಹಾಗೆಯೇ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ತಂಡ ಕಟ್ಟುವವರಿಗೆ.

ಕಾರ್ನರ್ ಆಟಗಾರನ ಬೆಲೆ ತಿಳಿಯಬೇಕಾದರೆ ಅವನು ಎಷ್ಟು ಹಿಡಿದ ಎಂಬುದೊಂದೇ ಸಾಲದು, ಎಷ್ಟು ಸಲ ಕೈ ಹಾಕಿದ ಎಂಬುದೂ ಬೇಕು. ಪ್ರೊ ಕಬಡ್ಡಿಯ ಅಂಕಿಅಂಶಗಳಲ್ಲಿ ಈ ಎರಡೂ ಅಕ್ಕಪಕ್ಕ ಇರುತ್ತವೆ. ನಮ್ಮ ಕಡೆಯ ಸ್ಕೋರ್ ಹಾಳೆಯಲ್ಲಿ ಮೊದಲನೆಯದು ಮಾತ್ರ ಸಿಗುತ್ತದೆ. ಮುಂದಿನ ಅಂಶಗಳನ್ನೆಲ್ಲ ಈ ಒಂದು ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಅಂಕಣ ಮತ್ತು ಸ್ಥಾನ

• ಪುರುಷರ ಅಂಕಣ 13 ಮೀ. × 10 ಮೀ., ಮಹಿಳೆಯರದು 12 ಮೀ. × 8 ಮೀ. ಎರಡೂ ಪಕ್ಕದ 1 ಮೀ. ಲಾಬಿ ಈ ಅಳತೆಯೊಳಗೇ ಸೇರಿದೆ. ಹಾಗಾಗಿ ಮುಟ್ಟುವ ಮೊದಲು ಪುರುಷರಿಗೆ ಆಡಲು ಸಿಗುವ ಅಗಲ 8 ಮೀ. ಮಾತ್ರ. ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

• ಪುರುಷರ ಅಂಕಣದಲ್ಲಿ ನಡುಗೆರೆಯಿಂದ ಬಾಕ್ ಗೆರೆಗೆ 3.75 ಮೀ., ಅಲ್ಲಿಂದ ಬೋನಸ್ ಗೆರೆಗೆ 1 ಮೀ. ಅರ್ಧ ಅಂಕಣದ ಆಳ 6.5 ಮೀ. ಅಂದರೆ ಬೋನಸ್ ಗೆರೆಯ ಹಿಂದೆ ಉಳಿಯುವ ಜಾಗ 1.75 ಮೀ. ಕಾರ್ನರ್ ಆಟಗಾರನ ಸಂಸಾರವೆಲ್ಲ ಬಹುಪಾಲು ಈ 1.75 ಮೀಟರಿನಲ್ಲೇ.

• ಏಳು ಜನರ ಸಾಲು, ಎಡದಿಂದ ಬಲಕ್ಕೆ: ಲೆಫ್ಟ್ ಕಾರ್ನರ್, ಲೆಫ್ಟ್ ಇನ್, ಲೆಫ್ಟ್ ಕವರ್, ಸೆಂಟರ್, ರೈಟ್ ಕವರ್, ರೈಟ್ ಇನ್, ರೈಟ್ ಕಾರ್ನರ್. ಸಾಮಾನ್ಯವಾಗಿ ಎರಡು ಕಾರ್ನರ್, ಎರಡು ಕವರ್ ಅಪ್ಪಟ ಹಿಡಿತಗಾರರು. ಉಳಿದ ಮೂವರು ರೇಡರ್‌ಗಳು.

• ಎಡ, ಬಲ ಎನ್ನುವುದು ರಕ್ಷಣಾ ತಂಡದ ಕಡೆಯಿಂದ. ಒಳಗೆ ಬಂದ ರೇಡರ್‌ನ ಎಡಗೈ ಬದಿಗೆ ಇರುವವನು ರೈಟ್ ಕಾರ್ನರ್.

• ರೇಡ್ 30 ಸೆಕೆಂಡು. ಅಂಕಣದಲ್ಲಿ 7, ಬದಲಿ 5. ಹಿರಿಯ ಪುರುಷರ ತೂಕ ಮಿತಿ 85 ಕೆ.ಜಿ., ಮಹಿಳೆಯರದು 75 ಕೆ.ಜಿ.

ಕಾರ್ನರ್‌ನ ಕೆಲಸ

ಕವರ್ ಆಟಗಾರ ಡ್ಯಾಶ್ ಹೊಡೆಯುತ್ತಾನೆ, ಬ್ಲಾಕ್ ಮಾಡುತ್ತಾನೆ, ಹೊರಡುವ ರೇಡರ್‌ನ ದಾರಿಗೆ ಅಡ್ಡ ನಿಲ್ಲುತ್ತಾನೆ. ಕಾರ್ನರ್‌ನ ಬತ್ತಳಿಕೆಯೇ ಬೇರೆ: ಆಂಕಲ್ ಹೋಲ್ಡ್, ಡಬಲ್ ಆಂಕಲ್ ಹೋಲ್ಡ್, ಥೈ ಹೋಲ್ಡ್, ಹಿಂದಿನಿಂದ ಸೊಂಟಕ್ಕೆ ಹಾಕುವ ಬ್ಯಾಕ್ ಹೋಲ್ಡ್. ಹೆಚ್ಚಿನ ರೇಡ್‌ಗಳಲ್ಲಿ ಮೊದಲ ಕೈ ಅವನದೇ. ಅವನು ಕಾಲು ಹಿಡಿದು ಒಂದು ಕ್ಷಣ ತಡೆದರೆ ಕವರ್ ಬಂದು ಮೇಲೆ ಬೀಳುತ್ತಾನೆ. ಕವರ್ ಬರುವುದು ಅರ್ಧ ಕ್ಷಣ ತಡವಾದರೆ ರೇಡರ್ ಜಾರಿದ, ಕಾರ್ನರ್ ಹೊರಗೆ ಹೋದ. ಸ್ಕೋರ್ ಹಾಳೆಯಲ್ಲಿ ತಪ್ಪು ಕಾರ್ನರ್ ಹೆಸರಿಗೇ ಬರುತ್ತದೆ. ಅದಕ್ಕೇ ಒಬ್ಬ ಕಾರ್ನರ್‌ನನ್ನು ನೋಡಲು ಹೋದವರು ಅವನ ಪಕ್ಕದ ಕವರ್ ಯಾರು ಎಂಬುದನ್ನೂ ಬರೆದುಕೊಂಡು ಬರಬೇಕು.

ಬೋನಸ್ ಯತ್ನದ ಕ್ಷಣವನ್ನು ಹತ್ತಿರದಿಂದ ನೋಡಿ. ಅಂಕಣದಲ್ಲಿ 6 ಅಥವಾ 7 ಜನ ಇದ್ದಾಗ ಮಾತ್ರ ಬೋನಸ್ ಉಂಟು. ರೇಡರ್ ಒಂದು ಪಾದವನ್ನು ಬೋನಸ್ ಗೆರೆ ದಾಟಿಸಬೇಕು, ಆ ಹೊತ್ತಿಗೆ ಇನ್ನೊಂದು ಪಾದ ಗಾಳಿಯಲ್ಲಿರಬೇಕು. ಅಷ್ಟೂ ಹೊತ್ತು ಅವನ ಇಡೀ ಮೈಭಾರ ಒಂದೇ ಕಾಲಿನ ಮೇಲೆ. ಒಳ್ಳೆಯ ಕಾರ್ನರ್ ಕಾಯುವುದು ಈ ಗಳಿಗೆಗೆ. ಅವನು ಕೈಯನ್ನು ಹಿಮ್ಮಡಿಯ ಮೇಲಕ್ಕೆ ಹಾಕುತ್ತಾನೆ, ತಲೆಯನ್ನು ರೇಡರ್‌ನ ಮೊಣಕಾಲಿಗೆ ಎದುರಾಗದಂತೆ ಹೊರಬದಿಗೆ ಇಡುತ್ತಾನೆ, ಹಿಡಿದ ಪಾದವನ್ನು ತನ್ನ ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತಾನೆ. ತಲೆ ಒಳಗಿಟ್ಟು ಹಾರಿದವನಿಗೆ ಪಾಯಿಂಟ್ ಸಿಗಬಹುದು, ಮುಂದಿನ ಪಂದ್ಯಕ್ಕೆ ಅವನು ಸಿಗದೆಯೂ ಹೋಗಬಹುದು.

ಪರೀಕ್ಷೆಗೆ: ರೇಡರ್ ಬೋನಸ್ ಗಳಿಸಿದ ಮೇಲೆ ಸಿಕ್ಕಿಬಿದ್ದರೆ ಎರಡೂ ತಂಡಕ್ಕೆ ತಲಾ 1 ಪಾಯಿಂಟ್.

ಲೆಕ್ಕ

• ಎಷ್ಟೇ ಜನ ಸೇರಿ ಹಿಡಿದರೂ ಯಶಸ್ವಿ ಟ್ಯಾಕಲ್‌ಗೆ 1 ಪಾಯಿಂಟ್, ಜೊತೆಗೆ ಹೊರಗಿದ್ದ ಒಬ್ಬ ಆಟಗಾರ ಒಳಗೆ. ವಿಫಲವಾದರೆ ತಾಗಿದವರೆಲ್ಲ ಔಟ್, ತಾಗಿದಷ್ಟೂ ಪಾಯಿಂಟ್ ಎದುರಾಳಿಗೆ.

• ಅಂಕಣದಲ್ಲಿ 3 ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, 2 ಪಾಯಿಂಟ್. ಒಂದೇ ಪಂದ್ಯದಲ್ಲಿ 5 ಅಥವಾ ಹೆಚ್ಚು ಟ್ಯಾಕಲ್ ಪಾಯಿಂಟ್ ಗಳಿಸಿದರೆ ಹೈ ಫೈವ್. ಒಂದು ರೇಡ್‌ನಲ್ಲಿ 3 ಅಥವಾ ಹೆಚ್ಚು ಪಾಯಿಂಟ್ ಬಂದರೆ ಸೂಪರ್ ರೇಡ್. ಆಲ್ ಔಟ್‌ಗೆ ಹೆಚ್ಚುವರಿ 2.

• ಸತತ ಎರಡು ಖಾಲಿ ರೇಡ್ ಆದರೆ ಮೂರನೆಯದು ಡು ಆರ್ ಡೈ. ಪಾಯಿಂಟ್ ತರದಿದ್ದರೆ ರೇಡರ್ ಔಟ್.

ಕೊನೆಯ ನಿಯಮವನ್ನು ರೇಡರ್‌ಗೆ ಸಂಬಂಧಿಸಿದ್ದು ಎಂದು ಓದಿ ಮುಂದೆ ಹೋಗಬೇಡಿ. ಅದು ಕಾರ್ನರ್‌ನ ತಾಳ್ಮೆಗೆ ಸಿಗುವ ಸಂಬಳ. ಎರಡು ರೇಡ್‌ಗಳಲ್ಲಿ ಕೈ ಹಾಕದೆ, ಮುಟ್ಟಿಸಿಕೊಳ್ಳದೆ ಹಿಂದೆ ಸರಿದವನಿಗೆ ಮೂರನೆಯ ಸಲ ರೇಡರ್ ತಾನಾಗಿಯೇ ಆಳಕ್ಕೆ ಬರುತ್ತಾನೆ, ಬರದೆ ವಿಧಿಯಿಲ್ಲ.

ಒಂದು ಕಲ್ಪಿತ ಲೆಕ್ಕ ಹಾಕೋಣ. ಒಬ್ಬ ಹುಡುಗ 10 ಸಲ ಕೈ ಹಾಕಿ 6 ಹಿಡಿದ. ಇನ್ನೊಬ್ಬ 5 ಸಲ ಕೈ ಹಾಕಿ 4 ಹಿಡಿದ. ಮೊದಲನೆಯವನು ತಂಡಕ್ಕೆ ತಂದದ್ದು 6, ಕಳೆದದ್ದು ಕಡಿಮೆಯೆಂದರೂ 4, ಉಳಿದದ್ದು 2. ನಾಲ್ಕು ಸಲ ಬೆಂಚಿನಲ್ಲಿ ಕುಳಿತದ್ದು ಬೇರೆ. ಎರಡನೆಯವನದು 4ರಲ್ಲಿ 1 ಕಳೆದು 3. ಜಾತ್ರೆಯ ಪಂದ್ಯಾವಳಿಯಲ್ಲಿ ಬೆಸ್ಟ್ ಕ್ಯಾಚರ್ ಬಹುಮಾನ ಮೊದಲನೆಯವನಿಗೆ ಹೋಗುತ್ತದೆ. ನನ್ನನ್ನು ಕೇಳಿದರೆ ತಂಡಕ್ಕೆ ಎರಡನೆಯವನನ್ನು ತೆಗೆದುಕೊಳ್ಳುತ್ತೇನೆ. ಯತ್ನಗಳಲ್ಲಿ ಅರ್ಧಕ್ಕಿಂತ ಕಡಿಮೆ ಯಶಸ್ಸು ಇರುವವನು, ಎಷ್ಟೇ ಚಪ್ಪಾಳೆ ಗಿಟ್ಟಿಸಿದರೂ, ಸೂಪರ್ ಟ್ಯಾಕಲ್‌ಗಳ ಆಸರೆ ಇಲ್ಲದಿದ್ದರೆ ತಂಡಕ್ಕೆ ನಷ್ಟವೇ.

ನೋಡಬೇಕಾದ್ದು ಏನು

ದೀಪಾವಳಿಯಾದ ಮೇಲೆ ಕೊಬ್ಬರಿ ಹೋರಿ ಬೆದರಿಸುವ ಈ ಸೀಮೆಯಲ್ಲಿ ಹೋರಿಯ ಭುಜ, ಹೆಜ್ಜೆ, ಕಣ್ಣಿನ ಚುರುಕು ನೋಡಿ ತಾಸುಗಟ್ಟಲೆ ಮಾತಾಡಬಲ್ಲ ಹಿರಿಯರು ಊರೂರಲ್ಲಿ ಇದ್ದಾರೆ. ಆ ಕಣ್ಣಿನ ಅರ್ಧದಷ್ಟನ್ನು ಕಾರ್ನರ್ ಹುಡುಗನ ಮೇಲೆ ಇಟ್ಟರೂ ಕೆಳಗಿನ ಸಂಗತಿಗಳು ಕಾಣುತ್ತವೆ.

ಮೊದಲು ನಿಲುವು. ಮೊಣಕಾಲು ಮಡಿಸಿ, ಸೊಂಟ ಇಳಿಸಿ ನಿಂತವನು ಪಂದ್ಯದ ಕೊನೆಯ ನಿಮಿಷಗಳಲ್ಲೂ ಅಷ್ಟೇ ತಗ್ಗಿನಲ್ಲಿ ಇದ್ದಾನೆಯೇ? ದಣಿದ ಕಾರ್ನರ್‌ನ ಸೊಂಟ ಮೇಲೇರುತ್ತದೆ. ಸೊಂಟ ಏರಿದರೆ ಕೈ ಪಾದಕ್ಕೆ ತಡವಾಗಿ ಮುಟ್ಟುತ್ತದೆ. ಹೀಗಾಗಿ ಮೊದಲರ್ಧ ನೋಡಿ ಎದ್ದು ಹೋಗುವ ಆಯ್ಕೆಗಾರನಿಗೆ ಅರ್ಧ ಆಟಗಾರ ಮಾತ್ರ ಗೊತ್ತಾಗಿರುತ್ತಾನೆ.

ಎರಡನೆಯದು ಕಣ್ಣು. ರೇಡರ್‌ನ ಕೈ ಮೋಸ ಮಾಡುತ್ತದೆ, ಭುಜ ಮೋಸ ಮಾಡುತ್ತದೆ, ಸೊಂಟ ಮಾತ್ರ ಅಷ್ಟು ಸುಲಭವಾಗಿ ಸುಳ್ಳು ಹೇಳದು. ಕೈ ಬೀಸಿದಾಗಲೆಲ್ಲ ಬೆಚ್ಚಿ ಹಿಂದೆ ಜಿಗಿಯುವ ಹುಡುಗನ ಕಣ್ಣು ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಮೂರನೆಯದು ಅವಸರ. ರೇಡರ್ ಇನ್ನೂ ಎದುರಿಗೆ ಮುಖ ಮಾಡಿ ಎರಡೂ ಕಾಲಿನ ಮೇಲೆ ಸಮತೂಕದಲ್ಲಿ ನಿಂತಿರುವಾಗಲೇ ಹಾರುವುದಕ್ಕೆ ಆಟಗಾರರ ಮಾತಿನಲ್ಲಿ ಅಡ್ವಾನ್ಸ್ ಟ್ಯಾಕಲ್. ಆಳಕ್ಕೆ ಬಂದ ರೇಡರ್ ತಿರುಗಿ ಹೊರಡುವ ಕ್ಷಣ, ಟೋ ಟಚ್‌ಗೆ ಕಾಲು ಚಾಚಿದ ಕ್ಷಣ, ಬ್ಯಾಕ್ ಕಿಕ್ ಮಾಡಿ ಕಾಲನ್ನು ಇನ್ನೂ ನೆಲಕ್ಕೆ ಊರದ ಕ್ಷಣ: ಕೈ ಹಾಕಬೇಕಾದ್ದು ಈ ಮೂರರಲ್ಲಿ.

ಹಿಡಿದ ಮೇಲಿನ ಬಿಗಿತ, ಡುಬ್ಕಿ ಹೊಡೆಯುವ ರೇಡರ್ ಎದುರು ಸರಪಳಿಯ ಎತ್ತರ, ಲಾಬಿಯ ಅರಿವು ಇವೂ ಬೇಕು. ಲಾಬಿಯ ವಿಷಯದಲ್ಲಿ ಒಂದು ಪ್ರಸಂಗವನ್ನು ನೆನಪಿಡಲೇಬೇಕು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲ್, 2023ರ ಅಕ್ಟೋಬರ್. ಭಾರತ ಮತ್ತು ಇರಾನ್ 28–28ರಲ್ಲಿದ್ದಾಗ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಇರಾನಿನ ಹಿಡಿತಗಾರರು ಬೆನ್ನಟ್ಟಿ ತಾವೂ ಲಾಬಿಗೆ ಬಂದರು. ಯಾವ ನಿಯಮ ಅನ್ವಯ ಎಂಬ ವಾದದಲ್ಲಿ ಆಟ ಬಹಳ ಹೊತ್ತು ನಿಂತಿತು. ಕೊನೆಗೆ ಭಾರತ 33–29ರಿಂದ ಚಿನ್ನ ಗೆದ್ದಿತು. ಗೆರೆಯ ಪಕ್ಕದಲ್ಲೇ ನಿಲ್ಲುವ ಆಟಗಾರನಿಗೆ ನಿಯಮ ಪುಸ್ತಕವೂ ಒಂದು ಅಭ್ಯಾಸವೇ.

ನಮ್ಮ ಅಂಗಳದ ಹುಡುಗರು

ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರ ಆಗಸ್ಟ್ 24ರಂದು. ಕಂದಾಯ ಆಡಳಿತದಲ್ಲೂ ಕ್ರೀಡೆಯಲ್ಲೂ ಅದು ಬೆಳಗಾವಿ ವಿಭಾಗ. ಇಲ್ಲಿಯ ಕಬಡ್ಡಿ ಬೆಳೆದದ್ದು ಮಣ್ಣಿನ ಅಂಕಣದಲ್ಲಿ, ಜಾತ್ರೆ ಹಾಗೂ ಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ. ಅದರಿಂದ ಬರುವ ಬಲ ದೊಡ್ಡದು. ಮೆಕ್ಕೆಜೋಳದ ಚೀಲ ಹೊತ್ತು ಬೆಳೆದ ಹುಡುಗರ ಬೆನ್ನು, ಹಿಡಿತ ಎರಡೂ ಗಟ್ಟಿ. ಬಿದ್ದು ಏಳುವುದಕ್ಕೆ ಅಂಜಿಕೆ ಇಲ್ಲ.

ಕೆಡುಕೂ ಅಲ್ಲಿಂದಲೇ ಬರುತ್ತದೆ. ಸುತ್ತ ನಿಂತವರು "ಹಿಡೀಲೇ ತಮ್ಮಾ, ಬಿಡಬ್ಯಾಡ!" ಎಂದು ಕೂಗುತ್ತಾರೆ, ಮೈಕಿನಲ್ಲಿ ಮುಂದಿನ ಹಿಡಿತಕ್ಕೆ ಇಷ್ಟು ರೂಪಾಯಿ ಎಂದು ಸಾರುತ್ತಾರೆ, ಹುಡುಗ ಹಾರುತ್ತಾನೆ. ಅಡ್ವಾನ್ಸ್ ಟ್ಯಾಕಲ್ ಚಟ ಹತ್ತುವುದು ಹೀಗೆ. ಖಾಲಿ ರೇಡ್ ಮಾಡಿಸಿದ ಕಾರ್ನರ್‌ಗೆ ಯಾರೂ ದುಡ್ಡು ಕೂಗಿದ್ದನ್ನು ನಾನಂತೂ ಕೇಳಿಲ್ಲ. ತೂಕ ಮಿತಿಯ ಪಂದ್ಯಾವಳಿಗಳು ಇನ್ನೊಂದು ತೊಡಕು. ಬೆಳೆಯುವ ವಯಸ್ಸಿನಲ್ಲಿ ತೂಕ ಇಳಿಸಲು ಉಪವಾಸ ಬಿದ್ದ ಹುಡುಗ ಮುಂದೆ 80 ಕೆ.ಜಿ. ದಾಟಿದ ರೇಡರ್‌ನ ತೊಡೆ ಹಿಡಿಯಬೇಕಾಗುತ್ತದೆ.

ಮಣ್ಣಿನಿಂದ ಮ್ಯಾಟಿಗೆ ಬಂದಾಗ ಮೊದಲು ಕೈಕೊಡುವುದು ಪಾದ. ಬರಿಗಾಲಿನಲ್ಲಿ ಹೆಬ್ಬೆರಳು ಊರಿ ತಿರುಗುವ ರೂಢಿ ಬೂಟಿನೊಳಗೆ ಕೆಲಸ ಮಾಡುವುದಿಲ್ಲ. ಮ್ಯಾಟ್ ಮೇಲೆ ರೇಡರ್ ಹೆಚ್ಚು ವೇಗವಾಗಿ ತಿರುಗುತ್ತಾನೆ. ಡೈವ್ ಹೊಡೆದವನ ಮೊಣಕೈ, ಮೊಣಕಾಲು ಸುಟ್ಟಂತಾಗುತ್ತದೆ. ಪ್ರತಿಭೆ ಇಲ್ಲ ಎಂದು ಮೊದಲ ಟ್ರಯಲ್ಸ್‌ನಲ್ಲೇ ಕೈಬಿಟ್ಟ ಎಷ್ಟೋ ಹುಡುಗರಿಗೆ ಇಲ್ಲದಿದ್ದುದು ಬೂಟು ಹಾಕಿ ಆಡಿದ ಅನುಭವ. ಕಾಲೇಜುಗಳು ಪೂರ್ತಿ ಅಂಕಣದ ಮ್ಯಾಟ್ ಕೊಳ್ಳಲು ಆಗದಿದ್ದರೆ ಒಂದು ಮೂಲೆಯಷ್ಟು ಹಾಸಿದರೂ ಕಾರ್ನರ್ ಅಭ್ಯಾಸಕ್ಕೆ ಸಾಕು.

ಮೇಲೇರುವ ದಾರಿ

• ಶಾಲೆ, ಪಿಯು ಹಂತ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ದಸರಾ ಕ್ರೀಡಾಕೂಟದ್ದೂ ಇದೇ ಮೆಟ್ಟಿಲು, ಕೊನೆಯದು ಮೈಸೂರು.

• ಪದವಿ ಹಂತ: ಅಂತರ ಕಾಲೇಜು ಟೂರ್ನಿ, ವಿಶ್ವವಿದ್ಯಾಲಯ ತಂಡ, ದಕ್ಷಿಣ ವಲಯ ಅಂತರ ವಿ.ವಿ. ಟೂರ್ನಿ, ಅಖಿಲ ಭಾರತ ಅಂತರ ವಿ.ವಿ. ಟೂರ್ನಿ, ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಅಂತರ ವಿ.ವಿ. ಟೂರ್ನಿಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ.

• ಹಿಂದೆ ಈ ನಾಲ್ಕೂ ತಾಲ್ಲೂಕಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2023ರಲ್ಲಿ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ ಆರಂಭವಾಯಿತು.

ಧಾರವಾಡದಿಂದ ಹಾವೇರಿ ವಿ.ವಿ.ಗೆ ಬಂದ ಈ ಬದಲಾವಣೆಗೆ ಎರಡು ಮುಖ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ನಾಲ್ಕೂ ಜಿಲ್ಲೆಯ ಹುಡುಗರೊಡನೆ ಪೈಪೋಟಿ ಮಾಡಿ 12ರ ಪಟ್ಟಿ ಸೇರುವುದಕ್ಕಿಂತ ಒಂದೇ ಜಿಲ್ಲೆಯೊಳಗೆ ಜಾಗ ಗಿಟ್ಟಿಸುವುದು ಸುಲಭ. ಆದರೆ ಸಣ್ಣ ವಿ.ವಿ. ತಂಡ ದಕ್ಷಿಣ ವಲಯದಲ್ಲಿ ಮಂಗಳೂರು ವಿಶ್ವವಿದ್ಯಾಲಯದಂತಹ ಪಳಗಿದ ತಂಡ ಎದುರಾದಾಗ ಬೇಗ ಮನೆಗೆ ಬರುತ್ತದೆ. ಎರಡು ಪಂದ್ಯ ಆಡಿ ವಾಪಸಾದ ಕಾರ್ನರ್‌ನನ್ನು ದೊಡ್ಡ ತಂಡದವರು ನೋಡುವುದು ಯಾವಾಗ? ಹಾಗಾಗಿ ನಮ್ಮ ಹುಡುಗರಿಗೆ ವಿಡಿಯೊ ಮತ್ತು ದಾಖಲೆಯ ಹಾಳೆ ಉಳಿದವರಿಗಿಂತ ಹೆಚ್ಚು ಅಗತ್ಯ.

• ಬೆಂಗಳೂರಿನಲ್ಲಿ 2022ರ ಏಪ್ರಿಲ್–ಮೇಯಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಮೊದಲ ಎರಡು ಕಬಡ್ಡಿ ತಂಡಗಳ 24 ಆಟಗಾರರನ್ನು ಪ್ರೊ ಕಬಡ್ಡಿ 9ನೇ ಆವೃತ್ತಿಯ ಹರಾಜಿನ ಪಟ್ಟಿಗೆ ಸೇರಿಸಲಾಯಿತು. ಕಾಲೇಜು ಅಂಗಳದಿಂದ ಹರಾಜಿಗೆ ನೇರ ಬಾಗಿಲು ಎಂದರೆ ಇದೇ.

• ಇತರ ಬಾಗಿಲುಗಳು: ಹೊಸ ಯುವ ಆಟಗಾರರ ಯೋಜನೆ, 2022ರಲ್ಲಿ ಶುರುವಾದ ಯುವ ಕಬಡ್ಡಿ ಸೀರೀಸ್, ರಾಜ್ಯ ತಂಡದ ಪರವಾಗಿ ರಾಷ್ಟ್ರೀಯ ಚಾಂಪಿಯನ್‌ಷಿಪ್.

ಹರಾಜು: ನೆನಪಿಡಬೇಕಾದ ಅಂಕಿಗಳು

• ಪ್ರೊ ಕಬಡ್ಡಿ ಮೊದಲ ಪಂದ್ಯ: 2014ರ ಜುಲೈ 26. ತಂಡಗಳು ಮೊದಲು 8, 2017ರ 5ನೇ ಆವೃತ್ತಿಯಿಂದ 12.

• ಮೊದಲ ಹರಾಜಿನ ಗರಿಷ್ಠ ಬೆಲೆ: ರಾಕೇಶ್ ಕುಮಾರ್, 12.80 ಲಕ್ಷ ರೂ., ಪಟ್ನಾ ಪೈರೇಟ್ಸ್.

• 1 ಕೋಟಿ ರೂ. ಮುಟ್ಟಿದ ಮೊದಲ ಆಟಗಾರ: ಇರಾನಿನ ಫಜಲ್ ಅತ್ರಾಚಲಿ, 2018, ಯು ಮುಂಬಾ. ರೇಡರ್ ಅಲ್ಲ, ಲೆಫ್ಟ್ ಕಾರ್ನರ್. ಈ ಪ್ರಶ್ನೆಗೆ ಕಣ್ಣುಮುಚ್ಚಿ ರೇಡರ್ ಹೆಸರು ಬರೆಯುವವರೇ ಹೆಚ್ಚು.

• ಒಂದೇ ಆವೃತ್ತಿಯಲ್ಲಿ 100 ಟ್ಯಾಕಲ್ ಪಾಯಿಂಟ್ ಗಳಿಸಿದ ಮೊದಲಿಗ: ನಿತೇಶ್ ಕುಮಾರ್, ಯು.ಪಿ. ಯೋಧಾ, 6ನೇ ಆವೃತ್ತಿ. ರೈಟ್ ಕಾರ್ನರ್.

• ಮೊಹಮ್ಮದ್‌ರೆಜಾ ಶಾದ್ಲೂಯಿ, ಇರಾನ್, ಲೆಫ್ಟ್ ಕಾರ್ನರ್ ಮತ್ತು ಆಲ್‌ರೌಂಡರ್: 2023ರಲ್ಲಿ ಪುಣೇರಿ ಪಲ್ಟನ್‌ಗೆ 2.35 ಕೋಟಿ, 2024ರಲ್ಲಿ ಹರಿಯಾಣ ಸ್ಟೀಲರ್ಸ್‌ಗೆ 2.07 ಕೋಟಿ, 2025ರಲ್ಲಿ ಗುಜರಾತ್ ಜೈಂಟ್ಸ್‌ಗೆ 2.23 ಕೋಟಿ ರೂ. ಮೊದಲೆರಡು ಸಲ ಅವರನ್ನು ಕೊಂಡ ತಂಡವೇ ಕಪ್ ಗೆದ್ದಿತು.

• ಅಂಕುಶ್ ರಾಠಿ, ಲೆಫ್ಟ್ ಕಾರ್ನರ್: 2022ರ 9ನೇ ಆವೃತ್ತಿಯಲ್ಲಿ ಜೈಪುರ ಪಿಂಕ್ ಪ್ಯಾಂಥರ್ಸ್ ಪರ ಪದಾರ್ಪಣೆ, 89 ಟ್ಯಾಕಲ್ ಪಾಯಿಂಟ್, ತಂಡಕ್ಕೆ ಕಪ್. 2025ರ ಹರಾಜಿನಲ್ಲಿ ಬೆಂಗಳೂರು ಬುಲ್ಸ್ ಕೊಟ್ಟದ್ದು 90.90 ಲಕ್ಷ ರೂ.

• 2024ರ ಹರಾಜಿನ ಮೂಲಬೆಲೆ: ಎ ವರ್ಗ 30 ಲಕ್ಷ, ಬಿ 20 ಲಕ್ಷ, ಸಿ 13 ಲಕ್ಷ, ಡಿ 9 ಲಕ್ಷ ರೂ. ಪ್ರತಿ ತಂಡದ ಖರ್ಚಿನ ಮಿತಿ 5 ಕೋಟಿ.

• ಬೆಂಗಳೂರು ಬುಲ್ಸ್ ಗೆದ್ದದ್ದು ಒಮ್ಮೆ: 6ನೇ ಆವೃತ್ತಿ, 2019ರ ಜನವರಿ 5, ಗುಜರಾತ್ ವಿರುದ್ಧ 38–33.

• ಬಿ.ಸಿ. ರಮೇಶ್: ಕರ್ನಾಟಕದ ಮಾಜಿ ಆಟಗಾರ, 2001ರ ಅರ್ಜುನ ಪ್ರಶಸ್ತಿ. ಕೋಚ್ ಆಗಿ ಬೆಂಗಾಲ್ ವಾರಿಯರ್ಸ್ (7ನೇ ಆವೃತ್ತಿ), ಪುಣೇರಿ ಪಲ್ಟನ್ (10ನೇ ಆವೃತ್ತಿ) ತಂಡಗಳಿಗೆ ಕಪ್. 2025ರಲ್ಲಿ ಬುಲ್ಸ್ ಮುಖ್ಯ ಕೋಚ್.

ಖರ್ಚಿನ ಮಿತಿಯನ್ನು ಇನ್ನೊಮ್ಮೆ ನೋಡಿ. 5 ಕೋಟಿಯಲ್ಲಿ 2 ಕೋಟಿ ಒಬ್ಬನಿಗೇ ಹೋದರೆ ಉಳಿದವರಿಗೆಲ್ಲ 3 ಕೋಟಿ. ದೊಡ್ಡ ಹೆಸರು ಕೊಂಡ ತಂಡಕ್ಕೆ ಕಡಿಮೆ ಬೆಲೆಯ, ಗಟ್ಟಿ ಹುಡುಗರು ಬೇಕೇ ಬೇಕು. ಕಾಲೇಜು ಹುಡುಗನಿಗೆ ಅವಕಾಶ ಇರುವುದು ಈ ಸಂದಿಯಲ್ಲಿ. ಯಾರಾದರೂ ಅವನಿಗೆ ಕೋಟಿ ಕೊಟ್ಟಾರು ಎಂಬ ಕನಸು ಬೇಡ.

ಹೊರಗಿನದೊಂದು ಮಾತು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾರ್ನರ್‌ಬ್ಯಾಕ್ ಎಂಬ ರಕ್ಷಣಾ ಆಟಗಾರನಿದ್ದಾನೆ. ಕಾಲೇಜು ತಂಡಗಳಿಂದ ವೃತ್ತಿಪರ ತಂಡಗಳಿಗೆ ಅವನನ್ನು ಆರಿಸುವುದು ಹರಾಜಿನಲ್ಲಲ್ಲ, ಡ್ರಾಫ್ಟ್‌ನಲ್ಲಿ. 1936ರಿಂದ ನಡೆದುಬಂದ ಪದ್ಧತಿ, ಈಗ 7 ಸುತ್ತು, ಹಿಂದಿನ ವರ್ಷ ಕೊನೆಗೆ ಉಳಿದ ತಂಡಕ್ಕೆ ಮೊದಲ ಆಯ್ಕೆ. ಅದಕ್ಕೂ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಎಲ್ಲರ ಎದುರು 40 ಗಜದ ಓಟ, ನಿಂತಲ್ಲಿಂದಲೇ ಮೇಲಕ್ಕೆ ಜಿಗಿತ, ತೋಳಿನ ಉದ್ದ ಎಲ್ಲ ಅಳೆಯುತ್ತಾರೆ. ಎಲ್ಲ ತಂಡಕ್ಕೂ ಒಂದೇ ಅಂಕಿ ಸಿಗುವ ಈ ಶಿಸ್ತು ನಮಗೂ ಬೇಕು. 40 ಗಜದ ಓಟ ಮಾತ್ರ ಬೇಡ. ಕಬಡ್ಡಿ ಕಾರ್ನರ್ ಜೀವಮಾನದಲ್ಲಿ ಒಮ್ಮೆಯೂ ಅಷ್ಟು ದೂರ ನೆಟ್ಟಗೆ ಓಡುವುದಿಲ್ಲ. ಅವನಲ್ಲಿ ಅಳೆಯಬೇಕಾದ್ದು ಮೊದಲ ಒಂದೂವರೆ ಮೀಟರ್, ಪಕ್ಕಕ್ಕೆ ಸರಿಯುವ ಚುರುಕು, ಮುಷ್ಟಿಯ ಬಿಗಿ.

ಹುಡುಗಿಯರು

ಪ್ರೊ ಕಬಡ್ಡಿ ಹರಾಜು ಪುರುಷರಿಗೆ ಮಾತ್ರ. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ಒಮ್ಮೆ ನಡೆಯಿತು. ಮೂವರು ನಾಯಕಿಯರಲ್ಲಿ ಇಬ್ಬರು ಕರ್ನಾಟಕದವರು: ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ (ಅರ್ಜುನ, 2011), ಫೈರ್ ಬರ್ಡ್ಸ್‌ಗೆ ಕಾರ್ಕಳ ಕಡೆಯ ಮಮತಾ ಪೂಜಾರಿ (ಅರ್ಜುನ, 2014). ಫೈನಲ್‌ನಲ್ಲಿ ಸ್ಟಾರ್ಮ್ ಕ್ವೀನ್ಸ್ 24–23ರಿಂದ ಗೆದ್ದಿತು. ಮಹಿಳೆಯರ ಅಂಕಣದಲ್ಲಿ ಬಾಕ್ ಗೆರೆ 3 ಮೀ. ದೂರದಲ್ಲಿ, ಲಾಬಿ ಬಿಟ್ಟರೆ ಅಗಲ 6 ಮೀ. ಕಾರ್ನರ್ ಮತ್ತು ಕವರ್ ನಡುವೆ ಅಂತರ ಇನ್ನೂ ಕಡಿಮೆ, ಕವರ್ ಬೇಗ ತಲುಪುತ್ತಾಳೆ. ಹಾಗಾಗಿ ಪುರುಷರ ಆಟದ ಅಳತೆಗೋಲನ್ನು ಹಾಗೆಯೇ ತಂದು ಹುಡುಗಿಯರ ಮೇಲೆ ಹಚ್ಚಬಾರದು.

ಈ ವರ್ಷವೇ ಮಾಡಬಹುದಾದ್ದು

ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಹೈಸ್ಕೂಲಿನ ಪಿ.ಟಿ. ಮಾಸ್ತರರಿಗೆ: ಮೊಬೈಲನ್ನು ಕೊನೆಯ ಗೆರೆಯ ಹಿಂದೆ, ಎತ್ತರದಲ್ಲಿ, ಒಂದೇ ಕಡೆ ನಿಲ್ಲಿಸಿ. ಕ್ಯಾಮೆರಾ ರೇಡರ್ ಹಿಂದೆ ಓಡಾಡಿದರೆ ಕಾರ್ನರ್‌ನ ಕಾಲು ಕಾಣುವುದಿಲ್ಲ. ಪಂದ್ಯ ಮುಗಿದ ಮೇಲೆ ಪ್ರತಿ ರೇಡ್‌ಗೂ ಬರೆಯಬೇಕಾದ್ದು ಇಷ್ಟು: ಅಂಕಣದಲ್ಲಿ ಎಷ್ಟು ಜನ ಇದ್ದರು, ಕೈ ಹಾಕಿದ್ದು ಯಾರು, ಯಾವ ಹಿಡಿತ, ರೇಡರ್ ತಪ್ಪಿಸಿಕೊಂಡನೋ ಸಿಕ್ಕಿಬಿದ್ದನೋ, ಪಕ್ಕದವರು ಎಷ್ಟು ಬೇಗ ಬಂದರು. ಹತ್ತು ಪಂದ್ಯದ ಇಂಥ ಹಾಳೆ ಕೈಯಲ್ಲಿದ್ದರೆ ವಿ.ವಿ. ಆಯ್ಕೆ ಸಮಿತಿಯ ಮುಂದೆ ನಿಮ್ಮ ಹುಡುಗನ ಪರವಾಗಿ ಮಾತಾಡಲು ಆಧಾರ ಇರುತ್ತದೆ. ಜನ್ಮದಿನಾಂಕದ ದಾಖಲೆಯಲ್ಲಿ ಹೆಸರು, ಇನಿಷಿಯಲ್ ಎಲ್ಲ ಕಡೆ ಒಂದೇ ರೀತಿ ಇದೆಯೇ ಎಂದು ಪಿಯು ಹಂತದಲ್ಲೇ ನೋಡಿಕೊಳ್ಳಿ.

ಆಟಗಾರರ ಮನೆಯವರಿಗೂ ಒಂದು ಮಾತು: ಪ್ರೊ ತಂಡಕ್ಕೆ ಸೇರಿಸುತ್ತೇನೆ, ಹರಾಜಿನ ಪಟ್ಟಿಯಲ್ಲಿ ಹೆಸರು ಹಾಕಿಸುತ್ತೇನೆ ಎಂದು ಮುಂಗಡ ಕೇಳಿಕೊಂಡು ಬಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹರಾಜಿನಲ್ಲಿ ಹಣ ಕೊಡುವುದು ತಂಡ, ಆಟಗಾರನಲ್ಲ.